ವಕೀಲಮ್ಮನ ಸಾಕ್ಷಿ

ನಮ್ಮ ಸೋದರತ್ತೆಯ ಎದುರು ಯಾರನ್ನಾದರೂ ಬೈಯುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಹಾಲಿನವನು ನೀರು ಬೆರೆಸುತ್ತಾನೆ ಎಂದರೆ, "ಹಸುವಿಗೆ ಹುಷಾರಿಲ್ವೋ ಏನೋ, ಪಾಪ" ಎನ್ನುತ್ತಾಳೆ. ಪಕ್ಕದ ಮನೆಯವಳು ನಮ್ಮ ಬಾಗಿಲಿಗೇ ಕಸ ಗುಡಿಸುತ್ತಾಳೆ ಎಂದರೆ, "ಅವಳಿಗೆ ಕಣ್ಣು ಸರಿಯಾಗಿ ಕಾಣಲ್ಲ ಕಣೇ" ಎನ್ನುತ್ತಾಳೆ. ಆ ಮಹಾತಾಯಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವುದನ್ನು ನಾನೇ ನೋಡಿದ್ದೇನೆ! ನನಗೋ ಮೂಗಿನ ತುದಿಯಲ್ಲೇ ಕೋಪ. "ನೀನೇನಾದ್ರೂ ಕಾನೂನು ಓದಿದ್ದಿದ್ರೆ ಜೈಲುಗಳಿಗೆಲ್ಲ ಬೀಗ ಹಾಕ್ಬೇಕಾಗ್ತಿತ್ತು" ಎಂದು ಛೇಡಿಸಿ ನಮ್ಮಪ್ಪ ತಂಗಿಗೆ ವಕೀಲಮ್ಮ ಎಂದು ಹೆಸರಿಟ್ಟರು. ಮನೆಯಲ್ಲೂ ಕೆಲಸದಲ್ಲೂ ಅದೇ ಹೆಸರು ನಿಂತುಹೋಯಿತು.

ಈ ಗುಣ ಅವಳಿಗೆ ಬಂದದ್ದು ಚರ್ಚಿನಿಂದ. ನಮ್ಮದು ಲೂಥರನ್ ಸಭೆ. ಸುಳ್ಳುಸಾಕ್ಷಿ ಹೇಳಬಾರದು ಎಂಬುದು ನಮ್ಮ ಎಣಿಕೆಯಲ್ಲಿ ಎಂಟನೆಯ ಆಜ್ಞೆ. ಬರೀ ಸುಳ್ಳು ಹೇಳದಿದ್ದರೆ ಸಾಲದು, ನೆರೆಯವರ ಪರ ನಿಲ್ಲಬೇಕು, ಅವರು ಮಾಡಿದ್ದಕ್ಕೆ ಆದಷ್ಟೂ ಒಳ್ಳೆಯ ಅರ್ಥ ಹುಡುಕಬೇಕು ಎಂದು ಚಿಕ್ಕಂದಿನಲ್ಲೇ ಕಲಿಸುತ್ತಾರೆ. ನಾವೆಲ್ಲ ಬಾಯಿಪಾಠ ಒಪ್ಪಿಸಿ ಆಟಕ್ಕೆ ಓಡಿದೆವು. ಅತ್ತೆ ಮಾತ್ರ ಅದನ್ನು ಗಂಟು ಹಾಕಿಕೊಂಡಳು.

ಅವಳ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಬಟ್ಟೆ ಅಲ್ಲಿಗೆ ಮೂಟೆಗಟ್ಟಲೆ ಬರುತ್ತದೆ. ಒಗೆದ ಹಾಸಿಗೆ ಬಟ್ಟೆಯನ್ನು ಇಬ್ಬರು ಹೆಂಗಸರು ಆಚೆ ಈಚೆ ನಿಂತು, ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಕೊಡವಿ, ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ಬಿಡಬೇಕು. "ರೋಗಿ ಮಲಗೋ ಬಟ್ಟೆ ಕಣೇ, ಸುಕ್ಕಿದ್ರೆ ಬೆನ್ನಿಗೆ ಒತ್ತುತ್ತೆ. ಇದೂ ದೇವರ ಕೆಲಸಾನೇ" ಎನ್ನುತ್ತಿದ್ದಳು ಅತ್ತೆ. ಎದುರು ಮೂಲೆ ಹಿಡಿಯುತ್ತಿದ್ದವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಯಂತ್ರದ ಸದ್ದನ್ನೂ ಮೀರಿಸಿ ದಿನವಿಡೀ ಮಾತಾಡುವವಳು. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಕೈ ಓಡುತ್ತಿರಲಿಲ್ಲ.

ಉರುಳೆಯ ಮುಂದೆ ಒಂದು ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಬೆರಳು ತಾಗಿದರೆ ಸಾಕು, ಯಂತ್ರ ಗಕ್ಕನೆ ನಿಲ್ಲುತ್ತದೆ. ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತದೆ, ಅದೇ ರಗಳೆ. ಒಂದು ದಿನ ಯಾರೋ ಆ ಪಟ್ಟಿಯನ್ನು ಬಿಚ್ಚಿದರು. ಕೆಲವೇ ದಿನಗಳಲ್ಲಿ ಗಿಣಿಯ ಬಲಗೈ ಬಟ್ಟೆಯ ಜೊತೆ ಒಳಗೆ ಹೋಯಿತು. ಅತ್ತೆ ಓಡಿಹೋಗಿ ಸ್ವಿಚ್ ಆರಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಬೇಗ ಕೆಲಸ ಮುಗಿಸುವ ಆಸೆಗೆ ಗಿಣಿಯೇ ಪಟ್ಟಿ ಬಿಚ್ಚಿಕೊಂಡಳು ಎಂದು ಮ್ಯಾನೇಜರ್ ಹೇಳಿದರು. ತಾನು ಮುಟ್ಟಿಯೇ ಇಲ್ಲ ಎಂದು ಗಿಣಿ ಅತ್ತಳು. ವಿಚಾರಣೆಗೆ ಕಾರ್ಮಿಕ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ತಪ್ಪು ಅವಳದೇ ಎಂದು ತೀರ್ಮಾನವಾದರೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಕೈಯಂತೂ ಮೊದಲೇ ಹೋಗಿತ್ತು.

ಮ್ಯಾನೇಜರ್ ತಮ್ಮ ಪರ ಸಾಕ್ಷಿಯಾಗಿ ಯಾರ ಹೆಸರು ಕೊಟ್ಟರು ಗೊತ್ತೇ? ನಮ್ಮ ವಕೀಲಮ್ಮನದು! ಅವರೂ ನಮ್ಮ ಸಭೆಯವರೇ. ಅತ್ತೆಯ ಗಂಡ, ಅಂದರೆ ನಮ್ಮ ಮಾವನಿಗೆ ಎದೆನೋವು ಬಂದಾಗ ಮೆಟ್ಟಿಲಿಳಿಸಿ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವರು. ಈ ಹೆಂಗಸು ಯಾರ ಬಗ್ಗೆಯೂ ಕೆಟ್ಟದ್ದು ಹೇಳುವವಳಲ್ಲ ಎಂಬ ಧೈರ್ಯ ಅವರಿಗೆ.

ನನ್ನ ಮೈ ಉರಿದುಹೋಯಿತು. "ಮಗೂನೂ ಚಿವುಟಿ ತೊಟ್ಟಿಲೂ ತೂಗೋ ಮನುಷ್ಯ! ಗಿಣಿಗೆ ಹಣ್ಣು ತಗೊಂಡು ಆಸ್ಪತ್ರೆಗೆ ಬೇರೆ ಹೋಗಿದ್ರಂತೆ. ಈಗೇನು ಹೇಳ್ತೀಯ ಅತ್ತೆ? ಪಟ್ಟಿ ತಾನೇ ಎದ್ದು ನಡ್ಕೊಂಡು ಹೋಯ್ತು ಅಂತೀಯಾ?"

ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಊಟದ ಹೊತ್ತಲ್ಲಿ ಅವರೇ ಬಿಚ್ಚಿದ್ರು ಕಣೇ. ನಾನು ಅಲ್ಲೇ ಇದ್ದೆ."

"ಅಯ್ಯೋ ನಿನ್ನ! ಬೇಡ ಅನ್ನೋಕೆ ಬಾಯಿರ್ಲಿಲ್ವಾ?"

"ಆಸ್ಪತ್ರೆಯವರು ಅವಸರ ಮಾಡ್ತಿರ್ಬೇಕು, ಪಾಪ, ಅವರಾದ್ರೂ ಏನು ಮಾಡ್ತಾರೆ ಅಂದ್ಕೊಂಡೆ." ಚಾಕು ಕೆಳಗಿಟ್ಟಳು. "ಗಿಣೀನೂ ನೆರೆಯವಳೇ ಅಲ್ವಾ? ಅವಳ ಕಡೆಯಿಂದ ನಾನು ಯೋಚಿಸ್ಲೇ ಇಲ್ಲ."

ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡೆ. ಅವಳ ಮುಖ ನೋಡಿ ನನಗೆ ಅಳುವೇ ಬಂತು.

ವಿಚಾರಣೆಯ ದಿನ ಅವಳ ಜೊತೆ ನಾನೂ ಹೋದೆ. ಉದ್ದನೆಯ ಮೇಜು, ಅದರ ಸುತ್ತ ಕಿರುಗುಟ್ಟುವ ಕುರ್ಚಿಗಳು. ಒಂದು ತುದಿಯಲ್ಲಿ ಮ್ಯಾನೇಜರ್. ಇನ್ನೊಂದು ತುದಿಯಲ್ಲಿ ಗಿಣಿ, ಬಲಗೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು. ಪಟ್ಟಿ ಬಿಚ್ಚಿದವರು ಯಾರೆಂದು ಅಧಿಕಾರಿ ಕೇಳಿದರು.

"ಮ್ಯಾನೇಜರ್ ಸಾಹೇಬ್ರು" ಎಂದಳು ಅತ್ತೆ. "ಬಿಚ್ಚೋವಾಗ ನಾನು ನೋಡ್ತಾ ನಿಂತಿದ್ದೆ, ಬೇಡ ಅನ್ಲಿಲ್ಲ. ಊಟ ಮುಗಿಸಿ ಬಂದ ಗಿಣಿಗೆ ಹುಷಾರು ಅಂತಾನೂ ಹೇಳ್ಲಿಲ್ಲ. ಅದನ್ನೂ ಬರ್ಕೊಳ್ಳಿ ಸಾರ್."

ಅಧಿಕಾರಿ ಪೆನ್ನು ನಿಲ್ಲಿಸಿ ಮ್ಯಾನೇಜರ್ ಕಡೆ ತೋರಿಸಿ ಕೇಳಿದರು: "ಹಾಗಾದ್ರೆ ಇವರು ಸುಳ್ಳು ಹೇಳ್ತಿದ್ದಾರೆ ಅಂತೀರಾ?"

ಆ ಮಾತು ಅತ್ತೆಯ ಬಾಯಿಂದ ಯಾರ ಮೇಲೂ ಬಂದದ್ದಿಲ್ಲ. ಹೇಳಿಬಿಡೇ ಎಂದು ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

"ಹೆದರಿದ್ದಾರೆ ಸಾರ್" ಎಂದಳು. "ನಾನೂ ಹೆದರಿದ್ದೆ, ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ನಮ್ಮ ಯಜಮಾನ್ರನ್ನ ಹೊತ್ಕೊಂಡು ಹೋಗಿ ಉಳಿಸಿದ ಕೈ ಅದು. ಇನ್ನೊಂದ್ಸಲ ಕೇಳಿ ನೋಡಿ, ಅವರೇ ಹೇಳ್ತಾರೆ."

ಅಧಿಕಾರಿ ಅವರ ಕಡೆ ತಿರುಗಿ ಮತ್ತೆ ಕೇಳಿದರು. ಮ್ಯಾನೇಜರ್ ಎದುರಿಗಿದ್ದ ಲೋಟದ ನೀರನ್ನೆಲ್ಲ ಕುಡಿದರು. ಖಾಲಿ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತರು. ಆಮೇಲೆ, "ನಾನೇ ಬಿಚ್ಚಿದ್ದು" ಎಂದರು. ಗಿಣಿ ಎಡಗೈಯಿಂದ ಕಣ್ಣೊರೆಸಿಕೊಂಡಳು. ತಪ್ಪು ಅವಳದಲ್ಲ ಎಂದು ಅಧಿಕಾರಿ ಅಲ್ಲೇ ಬರೆದರು.

ಎಲ್ಲ ಮುಗಿದು ಹೊರಬಂದಾಗ ಮ್ಯಾನೇಜರ್ ಮೆಟ್ಟಿಲ ಬಳಿ ಒಬ್ಬರೇ ನಿಂತಿದ್ದರು. "ಭಾನುವಾರ ಯಾವ ಮುಖ ಹೊತ್ಕೊಂಡು ಚರ್ಚಿಗೆ ಬರ್ಲಿ ಅಕ್ಕ?" ಎಂದರು.

"ನನ್ನ ಮುಖಾನೂ ಅದೇ ಅಲ್ವಾ. ಜೊತೇಲೇ ಹೋಗೋಣ ಬನ್ನಿ" ಎಂದಳು ಅತ್ತೆ. ನೋಡಿ, ಇಂಥವಳ ಜೊತೆ ಜಗಳವಾಡುವುದಾದರೂ ಹೇಗೆ?

"ದೇವರ ಹತ್ರ ಆಮೇಲೆ ಹೋಗುವಿರಂತೆ." ಹಿಂದಿನಿಂದ ಗಿಣಿಯ ಧ್ವನಿ. ಅಪಘಾತವಾದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅಂದೇ. "ಇಬ್ರೂ ಮೊದ್ಲು ಇಲ್ಲಿ ನೋಡಿ."

ಶಾಲು ಸರಿಸಿ ಕೈ ಮುಂದೆ ಚಾಚಿದಳು. ಅಲ್ಲಿಯವರೆಗೆ ಅವಳು ಅದನ್ನು ಯಾರಿಗೂ ತೋರಿಸಿರಲಿಲ್ಲ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಒಳಕ್ಕೆ ಮಡಚಿಹೋಗಿದ್ದವು. ಚರ್ಮ ಕೆಂಪಗೆ ಮಿರುಗುತ್ತಿತ್ತು. ಮ್ಯಾನೇಜರ್ ಮುಖ ತಿರುಗಿಸಲು ಹೋದರು. ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿದಳು.

"ನೋಡಿ" ಎಂದಳು. "ನಾನೂ ನೋಡ್ತೀನಿ."

ಗಿಣಿ ಸಾಕು ಎನ್ನುವವರೆಗೂ ಇಬ್ಬರೂ ನೋಡುತ್ತ ನಿಂತರು.