ನೆಕ್ಕಿದ ಶಾಲಿಗ್ರಾಮ

ಕುಷ್ಟಗಿಯಲ್ಲಿ ನಮ್ಮ ಪಕ್ಕದ ಮನಿ ಮಾಸ್ತರರಿಗೆ ಕಲ್ಲು ಸಿಕ್ಕರೆ ಮೊದಲು ನೆಕ್ಕಿ ನೋಡುವ ಚಟ. ಒದ್ದೆಯಾದರೆ ಒಳಗಿನ ಗೆರೆ ಎದ್ದು ಕಾಣುತ್ತವಂತೆ. ನಾವು ನಕ್ಕರೆ, "ತಡೀರಿ, ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ" ಅನ್ನುತ್ತಿದ್ದರು.

ಒಮ್ಮೆ ಹಿಮಾಲಯದ ಕರೀ ಪದರುಗಲ್ಲಿನಿಂದ ಒಂದು ಉಂಡೆ ತಂದರು. ಅದರಲ್ಲಿ ಸುರುಳಿ ಸುತ್ತಿದ ಕಡಲಜೀವಿಯೊಂದು ಕಲ್ಲಾಗಿ ಕೂತಿತ್ತು. ಬೆನ್ನಿಗೆ ಮೆತ್ತಿದ ಪದರು ಬಿಡಿಸಿದರೇನೇ ಅದು ಯಾವ ಜಾತಿಯದು, ಅದರ ಹೆಸರೇನು ಎಂದು ತಿಳಿಯುವುದು. ಮಾಸ್ತರರು ಸ್ನಾನ ಮಾಡಿ ಬರುವುದರೊಳಗೆ ಅವರ ಅವ್ವ ಅದನ್ನು ಶಾಲಿಗ್ರಾಮವೆಂದು ದೇವರ ಜಗಲಿ ಮೇಲೆ ಇಟ್ಟುಬಿಟ್ಟಿದ್ದರು.

"ಅವ್ವಾ, ಅದನ್ನ ನಾ ನೆಕ್ಕೀನಿ! ಎಂಜಲಾಗೇತಿ, ಕೊಡು!"

"ಆನೆಗುಂದಿಯೊಳಗ ಶಬರಿ ಎಂಜಲಾ ಉಂಡ ದೇವರಪ್ಪಾ ಅಂವಾ. ನಿಂದೇನು ದೊಡ್ಡದು?"

"ನನಗ ಅದರ ಬೆನ್ನು ನೋಡಬೇಕಾಗೇತಿ."

"ತಡಿಯೋ, ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ!"

ದಿನಾ ಅಭಿಷೇಕ ನಡೆಯಿತು. ನೀರು ಕುಡಿದ ಪದರು ತಾನಾಗಿಯೇ ಸಡಿಲಾಗಿ, ದೀಪಾವಳಿಯ ಹೊತ್ತಿಗೆ ಬೆನ್ನಿನ ಉಬ್ಬುಗೆರೆಗಳೆಲ್ಲ ಹೊಳೆಯತೊಡಗಿದವು. ಮಾಸ್ತರರು ಮಡಿ ಉಟ್ಟು, ಭೂತಗನ್ನಡಿ ಹಿಡಿದು ಜಗಲಿ ಮುಂದೆ ಬಗ್ಗಿದರು. ಓಣಿಗೆಲ್ಲ ಕೇಳುವಂತೆ ಕೂಗಿದರು: "ಹೆಸರು ಸಿಕ್ತು!"

ಅವ್ವ ಗಂಟಿ ಬಾರಿಸುತ್ತಲೇ ಅಂದರು: "ಸಿಕ್ತಲ್ಲ? ಇನ್ನ ನಮಸ್ಕಾರ ಮಾಡು. ನಾಲಿಗಿ ಮಾತ್ರ ಒಳಗ ಇರಲಿ."