ಕೆಂಪಮ್ಮನನ್ನು ಊರಿಗೆ ಕರೆದೊಯ್ದದ್ದು

ಬೇಸಿಗೆ ರಜ ಶುರುವಾದ ಮರುದಿನ ಬೆಳಗಿನ ರೈಲಿಗೆ ಮೈಸೂರು ಬಿಟ್ಟೆವು. ನಾನು ಅಲ್ಲಿ ಕುರುಡು ಮಕ್ಕಳ ಶಾಲೆಯೊಂದರ ಮೇಷ್ಟ್ರು. ಜೊತೆಗಿದ್ದವಳು ಹತ್ತು ವರ್ಷದ ಕೆಂಪಮ್ಮ, ಸಿಡುಬಿನಲ್ಲಿ ಎರಡು ಕಣ್ಣೂ ಕಳೆದುಕೊಂಡವಳು, ಮಳವಳ್ಳಿ ಪಕ್ಕದ ಹಳ್ಳಿಯ ಹುಡುಗಿ. ಅವಳ ಅಪ್ಪ ನಿಂಗೇಗೌಡರು ಹೋದ ವರ್ಷ ಅವಳನ್ನು ಬಿಟ್ಟುಹೋಗುವಾಗಲೇ ಕರಾರು ಮಾಡಿದ್ದರು. ಒಂದು ವರ್ಷ ನೋಡುವುದು. ಕಲಿತದ್ದು ಕೆಲಸಕ್ಕೆ ಬರುತ್ತದೆಂದು ತಮಗೆ ಕಂಡರೆ ಮತ್ತೆ ಕಳಿಸುವುದು, ಇಲ್ಲವಾದರೆ ಮನೆಯಲ್ಲೇ ಇಟ್ಟುಕೊಳ್ಳುವುದು. ಹಾಗಾಗಿ ಅವಳಿಗೆ ಅದು ರಜವೂ ಹೌದು, ಪರೀಕ್ಷೆಯೂ ಹೌದು. ನನಗಂತೂ ಬರೀ ಪರೀಕ್ಷೆ.

ರೈಲಿನಲ್ಲಿ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ನಾನು ತೂಕಡಿಸುತ್ತಿದ್ದಾಗ ಭುಜ ಅಲುಗಿಸಿ ಮಂಡ್ಯ ಬಂತೆಂದಳು. ಕಣ್ಣು ಬಿಟ್ಟರೆ ನಿಜವಾಗಿಯೂ ಮಂಡ್ಯ. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಅವಳಿಗೆ ಎರಡು ಮೈಲಿ ಮೊದಲೇ ಸಿಕ್ಕಿತ್ತಂತೆ. ಮದ್ದೂರಿನಲ್ಲಿ ಇಳಿದು ವಡೆ ತಿಂದೆವು. ತಿಂದಾದ ಮೇಲೆ ಅವಳು ಕೈ ತೊಳೆದು ಒಂದೊಂದೇ ಬೆರಳನ್ನು ಲಂಗಕ್ಕೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಬಾರದೆಂದು ವರ್ಷವೆಲ್ಲ ಬೈದವನು ನಾನೇ.

ಯುದ್ಧದ ಕಾಲ, ಪೆಟ್ರೋಲಿಗೆ ಬರ. ಮಳವಳ್ಳಿಯ ಬಸ್ಸು ಹಿಂದುಗಡೆ ಇದ್ದಿಲೊಲೆ ಕಟ್ಟಿಕೊಂಡು, ಅದರ ಅನಿಲದಲ್ಲೇ ಓಡಲು ನಿಂತಿತ್ತು. ಏರು ಬಂದಾಗಲೆಲ್ಲ ನಾವು ಇಳಿಯಬೇಕು, ಗಂಡಸರು ತಳ್ಳಬೇಕು. ಹದಿನೈದು ಮೈಲಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಮಳವಳ್ಳಿಯಲ್ಲಿ ಇಳಿದಾಗ ನನ್ನ ಬಿಳಿಯ ಕೋಟು ಕರೀ ಕೋಟಾಗಿತ್ತು.

ನಿಂಗೇಗೌಡರು ಗಾಡಿ ತಂದಿದ್ದರು. ಮಗಳ ತಲೆ ಸವರಿ, ಎತ್ತಿ ಕೂರಿಸಿ, ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತ್ರ ಮಾತಾಡಿದರು. ಊರು ಹತ್ತಿರವಾದಾಗ ನನ್ನ ಕಡೆ ತಿರುಗಿ, "ಕಣ್ಣಿರೋರೇ ಓದಿ ಏನ್ ಕಡಿದು ಕಟ್ಟೆ ಆಕವ್ರೆ ಮೇಷ್ಟ್ರೇ?" ಎಂದರು. ನಾನು ಕೋಟಿನ ಮಸಿ ಕೊಡವಿಕೊಂಡೆ.

ಸಂಜೆ ಜಗಲಿಯಲ್ಲಿ ಊರವರು ಸೇರಿದರು. ಕೆಂಪಮ್ಮ ದಪ್ಪ ಪುಸ್ತಕ ತೊಡೆಯ ಮೇಲಿಟ್ಟು, ಉಬ್ಬು ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಆನೆಯ ಪಾಠ ಓದಿದಳು. ಎಲ್ಲೂ ತಡವರಿಸಲಿಲ್ಲ, ಅದೇ ತಪ್ಪಾಯಿತು. "ಬಾಯಿಪಾಠ ಕಣ್ಲಾ ಅದು," ಎಂದರು ಒಬ್ಬ ಹಿರಿಯರು, "ಓದು ಬರ್ದಿರೋ ನಮ್ ದಾಸಯ್ಯ ಪದವ ಇದಕ್ಕಿಂತ ಚೆಂದಾಗಿ ಏಳ್ತಾನೆ." ಎಲ್ಲರೂ ತಲೆದೂಗಿದರು. ನನಗೆ ಕೋಪ ಬಂತು. ಆದರೆ ಅಲ್ಲವೆಂದು ತೋರಿಸುವುದು ಹೇಗೆ?

ನಿಂಗೇಗೌಡರೇ ಎದ್ದು ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದರು. ತಾವು ಹೇಳಿದ್ದನ್ನು ಚುಚ್ಚಿ ಕೊಡಬೇಕು, ಅವಳು ಓದಲಿ ಎಂದರು. ನಾನು ದಪ್ಪ ಕಾಗದವನ್ನು ತೂತಿನ ಪಟ್ಟಿಗೆ ಸಿಕ್ಕಿಸಿ ಚುಕ್ಕಿ ಚುಚ್ಚುವ ಮೊಳೆ ಹಿಡಿದೆ. ಅವರು ಜಗಲಿಗೆ ಕೇಳದಂತೆ ಮೆತ್ತಗೆ ಹೇಳಿದರು: "ಅಲ್ಲಿ ನಿನ್ನ ಯಾರಾರ ವಡೀತಾರಾ ಮಗ, ಅಂತ ಬರೀರಿ."

ಮಗಳನ್ನು ಹೊಡೆಯುವವನಿದ್ದರೆ ಅವನು ನಾನೇ ಇರಬೇಕು. ಆ ಪ್ರಶ್ನೆಯನ್ನು ನನ್ನ ಕೈಯಲ್ಲೇ ಬರೆಸುತ್ತಿದ್ದಾರೆ. ಒಂದು ಚುಕ್ಕಿಯೂ ತಪ್ಪದಂತೆ ಬರೆದೆ.

ಜಗಲಿಗೆ ಮರಳಿ ಕೊಟ್ಟಾಗ ಕೆಂಪಮ್ಮ ಕಾಗದದ ಮೇಲೆ ಬೆರಳು ಹಾಯಿಸಿದಳು. ಹಾಯಿಸಿ ನಕ್ಕುಬಿಟ್ಟಳು. "ಇಲ್ಲ ಕಣಪ್ಪ, ಯಾರೂ ವಡಿಯಕಿಲ್ಲ. ಮೇಷ್ಟ್ರು ಬೈತಾರೆ, ಅಷ್ಟೇಯ."

ಊರವರಿಗೆ ಏನೂ ಅರ್ಥವಾಗಲಿಲ್ಲ. ನಿಂಗೇಗೌಡರು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು. ಅದು ಕೊಟ್ಟಿಗೆಯ ಹಿಂದೆ ತಾವು ಬರೆಸಿದ ಪ್ರಶ್ನೆಗೆ ಉತ್ತರವೆಂದು ಕೊನೆಗೆ ಅವರೇ ಹೇಳಿದರು. ದಾಸಯ್ಯನನ್ನು ಹೊಗಳಿದ ಹಿರಿಯರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿದರು. ಓದು ಯಾತಕ್ಕೆಂದು ತರಬೇತಿ ಶಾಲೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆ ಹೊತ್ತಿಗೆ ಅದರ ಒಂದು ಸಾಲೂ ನೆನಪಾಗಲಿಲ್ಲ.

"ಕಳುಸ್ತೀನಿ," ಎಂದರು ನಿಂಗೇಗೌಡರು. ಹಿಂದೆಯೇ ಕೇಳಿದರು: "ಆದ್ರೆ ಅವಳು ಅಲ್ಲಿಂದ ಕಾಗ್ದ ಬರೆದ್ರೆ ಇಲ್ಲಿ ಓದೋರ್ ಯಾರು?"

ನಾನು ಅದನ್ನು ಮಾಮೂಲಿ ಅಕ್ಷರದಲ್ಲಿ ಬರೆದು ಕಳಿಸಿದರೆ ಶಾನುಭೋಗರು ಓದುತ್ತಾರೆ ಎನ್ನುವಷ್ಟರಲ್ಲಿ ಕೆಂಪಮ್ಮನೇ ಅಂದಳು: "ನೀನೇ ಕಲ್ತ್ಕೊ. ಕಣ್ಣು ಮುಚ್ಕೊ, ನಾನು ಏಳ್ಕೊಡ್ತೀನಿ."

ಎಲ್ಲರೂ ನಕ್ಕರು. ನಿಂಗೇಗೌಡರು ನಗಲಿಲ್ಲ.

ಬೆಳಿಗ್ಗೆ ರಾಗಿ ರೊಟ್ಟಿ ತಿಂದು, ಚೀಲ ಹೆಗಲಿಗೇರಿಸಿ ಹೊರಗೆ ಬಂದೆ. ಅಪ್ಪ ಮಗಳು ಜಗಲಿಯ ಮೇಲೆ ಕೂತಿದ್ದರು. ಎಂದೂ ಓದು ಕಲಿಯದ ನಿಂಗೇಗೌಡರು ಕಣ್ಣು ಮುಚ್ಚಿದ್ದರು, ಅವರ ಕೈ ಅವಳ ಕೈಯಲ್ಲಿತ್ತು. ನೇಗಿಲ ಮೇಣಿ ಹಿಡಿದು ಜಡ್ಡುಗಟ್ಟಿದ ಬೆರಳಿಗೆ ಚುಕ್ಕಿಗಳು ಹತ್ತುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಎಲ್ಲ ಆಗಿ, ಅವಳು ಕಿರುಬೆರಳನ್ನು ಹಿಡಿದು ಕಾಗದದ ಮೇಲಿಟ್ಟಳು. ಅವರ ಹುಬ್ಬು ಮೆಲ್ಲಗೆ ಮೇಲೇರಿತು.

ಗಾಡಿಯವನು ಕಾಯುತ್ತಿದ್ದ. ಬರುತ್ತೇನೆಂದು ಹೇಳಿದೆ. ನಿಂಗೇಗೌಡರು ಕಣ್ಣು ತೆರೆಯಲಿಲ್ಲ.

"ಓಗ್ಬನ್ನಿ ಮೇಷ್ಟ್ರೇ," ಎಂದರು. "ಈಗ್ತಾನೆ ಒಂದಕ್ಸರ ಸಿಕ್ಕದೆ. ಬೆರಳ್ ಎತ್ತುದ್ರೆ ಓಯ್ತದೆ."