ಅಪ್ಪನ ಟರ್ಪೆಂಟೈನ್ ಕೈ

ನನ್ನ ಮೊಣಕಾಲು ನೋವಿಗೆಂದು ತಂದ ಪೈನ್ ಎಣ್ಣೆ ಶೀಶೆಯ ಮುಚ್ಚಳವನ್ನು ಮಗಳು ತೆಗೆದಳು. ಕೋಣೆಯಲ್ಲೆಲ್ಲ ಅಪ್ಪನ ವಾಸನೆ.

ಅಪ್ಪ ನಂಗಲಿಯಲ್ಲಿ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಕೂಡ ಪೈನ್ ಮರದ್ದೇ ಎಂದು ನಮಗೆಲ್ಲಿ ಗೊತ್ತಿತ್ತು? ಸಂಜೆ ಅವನು ಮನೆಗೆ ಬಂದು ಬಚ್ಚಲಿಗೆ ಹೊರಟರೆ ಅಜ್ಜಿ ಜಗಲಿಯಲ್ಲೇ ಮಗನ ಮುಂದೆ ಕಾಲು ಚಾಚುತ್ತಿದ್ದಳು.

"ಕೈ ತೊಳೀಬೇಡ ನಾಯ್ನಾ, ಮೊದ್ಲು ಕಾಲೊತ್ತು. ಆ ವಾಸ್ನೇಲೇ ಔಷ್ದಿ ಐತೆ."

ಅಪ್ಪ ನಗುತ್ತಾ ಒತ್ತುತ್ತಿದ್ದ. ಊರ ಸುದ್ದಿಯೆಲ್ಲ ಮುಗಿದರೂ ಅಜ್ಜಿ ಕಾಲು ಎಳೆದುಕೊಳ್ಳುತ್ತಿರಲಿಲ್ಲ. ಕೆಲಸವಿಲ್ಲದ ದಿನ ಅಪ್ಪ ಟರ್ಪೆಂಟೈನ್ ಡಬ್ಬಿಯಿಂದ ಎರಡು ಹನಿ ಅಂಗೈಗೆ ಸವರಿಕೊಂಡೇ ಬಂದು ಕೂರುತ್ತಿದ್ದ.

ಎಣ್ಣೆ ಹಚ್ಚಿ ಮುಗಿಸಿದ ಮಗಳು, "ಕೈ ತೊಳ್ಕೊಂಡ್ ಬರ್ತೀನಮ್ಮ" ಎಂದು ಎದ್ದಳು.

ನೋವು ಆಗಲೇ ಇಳಿದಿತ್ತು. ಆದರೂ ನಾನು ಇನ್ನೊಂದು ಕಾಲು ಚಾಚಿದೆ.